ಅಪ್‌ಡೇಟ್: ಚೈನ್‌ಸಾಗೆ ಸೆಮಿ ಚಿಸೆಲ್ ಚೈನ್ ಹಾಕಿದೆ

ಕಾಫಿ ತೋಟದಲ್ಲಿ ಮಳೆಗೆ ಬಿದ್ದ ಸಿಲ್ವರ್ ಓಕ್ ಕೊಯ್ಯುವಾಗ ಫುಲ್ ಚಿಸೆಲ್ ಚೈನ್ ಬೇಗ ಮೊಂಡಾಗುತ್ತದೆ, ಸೆಮಿ ಚಿಸೆಲ್ ತಗೊಳ್ಳಲಾ ಅಂತ ಕೇಳಿದ್ದೆನಲ್ಲ, ತಗೊಂಡೆ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ವ್ಯತ್ಯಾಸ ನಿಜಕ್ಕೂ ಇದೆ. ಫುಲ್ ಚಿಸೆಲ್ ಹಲ್ಲಿನ ಮೂಲೆ ಚೂಪು, ಸ್ವಚ್ಛ ಮರದಲ್ಲಿ ಬಲು ಸ್ಪೀಡು, ಆದರೆ ತೊಗಟೆಗೆ ಮೆತ್ತಿದ ಕೆಸರು, ಮರಳು ತಾಗಿದರೆ ಮೊದಲು ಹೋಗುವುದೇ ಆ ಮೂಲೆ. ಸೆಮಿ ಚಿಸೆಲ್‌ನ ಮೂಲೆ ದುಂಡಗೆ. ಸ್ವಲ್ಪ ನಿಧಾನ, ಆದರೆ ಹರಿತ ಜಾಸ್ತಿ ಹೊತ್ತು ನಿಲ್ಲುತ್ತದೆ.

ಅರ ಹಾಕುವ ವಿಷಯ. ನನ್ನದು 0.325 ಇಂಚು ಪಿಚ್ (ಚೈನಿನ ಕೊಂಡಿಗಳ ಅಂತರದ ಅಳತೆ), ಅದಕ್ಕೆ 4.8 ಮಿ.ಮೀ. ದುಂಡು ಅರ, ಕೋನ 30 ಡಿಗ್ರಿ. ಒಳಗಿನಿಂದ ಹೊರಕ್ಕೆ ತಳ್ಳುವಾಗ ಮಾತ್ರ ಒತ್ತಬೇಕು. ಮೊಂಡಾದ ಹಲ್ಲಿನ ಅಂಚಿನಲ್ಲಿ ಬೆಳ್ಳಗೆ ಮಿನುಗುವ ಗೆರೆ ಕಾಣುತ್ತದೆ ಅಲ್ವಾ, ಅದು ಮಾಯವಾಗುವವರೆಗೆ ಉಜ್ಜಿ. ಎಲ್ಲಕ್ಕಿಂತ ಗಿಡ್ಡ ಹಲ್ಲು ನೋಡಿ ಉಳಿದವನ್ನೂ ಅದೇ ಉದ್ದಕ್ಕೆ ತನ್ನಿ, ಇಲ್ಲದಿದ್ದರೆ ಕೊಯ್ತ ಸೊಟ್ಟ ಹೋಗುತ್ತದೆ. ಡೆಪ್ತ್ ಗೇಜ್ (ಹಲ್ಲಿನ ಮುಂದಿರುವ ಗುಬುಟು, ಹಲ್ಲು ಎಷ್ಟು ಆಳ ಕಚ್ಚಬೇಕು ಅಂತ ತಡೆಯುವುದು ಇದೇ) ಹಲ್ಲಿಗಿಂತ 0.65 ಮಿ.ಮೀ. ತಗ್ಗಿದ್ದರೆ ಸಾಕು, ಸುಮ್ನೆ ಜಾಸ್ತಿ ಇಳಿಸಬೇಡಿ, ಮೆಷಿನ್ ಒದೆಯುತ್ತದೆ, ಅಪಾಯ.

ಈಗ ಮರ ಕೊಯ್ಯುವಾಗ ನುಣ್ಣನೆ ಹಿಟ್ಟಿನ ಬದಲು ದಪ್ಪ ಚಕ್ಕೆ ಬೀಳುತ್ತಿದೆ. ಫುಲ್ ಚಿಸೆಲ್ ಚೈನನ್ನು ನಿಂತ ಮರಕ್ಕೆ ಅಂತ ಇಟ್ಟುಕೊಂಡಿದ್ದೇನೆ.