ಅಪ್ಪಯ್ಯನ ಪಿಎಸ್‌ಎ 7.8 ಬಂದಿದೆ, ಮುಂದೇನು?

ಕೇಳಿದವರು, ಹೊಸನಗರ: ಅಪ್ಪಯ್ಯನಿಗೆ 68 ವರ್ಷ. ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳುತ್ತಾರೆ. ಶಿವಮೊಗ್ಗದಲ್ಲಿ ರಕ್ತ ಕೊಟ್ಟೆವು, ಪಿಎಸ್‌ಎ 7.8 ಬಂದಿದೆ. 4ರೊಳಗೆ ಇರಬೇಕಂತೆ. ಕ್ಯಾನ್ಸರೇ ಇರಬಹುದಾ? ಮನೇಲಿ ಯಾರಿಗೂ ಊಟ ಸೇರುತ್ತಿಲ್ಲ. ಅನುಭವ ಇದ್ದವರು ದಯವಿಟ್ಟು ಹೇಳಿ.

ಲ್ಯಾಬ್‌ನಲ್ಲಿ ಕೆಲಸ ಮಾಡುವವನು, ಶಿವಮೊಗ್ಗ: ಮೊದಲು ಸ್ವಲ್ಪ ಸಮಾಧಾನ ಮಾಡಿಕೊಳ್ಳಿ. ಪಿಎಸ್‌ಎ ಅನ್ನೋದು ಪ್ರಾಸ್ಟೇಟ್ ಗ್ರಂಥಿ ತಯಾರಿಸುವ ಒಂದು ಪ್ರೋಟೀನ್, ಆರೋಗ್ಯವಾಗಿರುವವರಲ್ಲೂ ಇರುತ್ತೆ. ಪರೀಕ್ಷೆಯಲ್ಲಿ ಒಂದು ಆಂಟಿಬಾಡಿ (ಆಯ್ದ ಪ್ರೋಟೀನಿಗೆ ಮಾತ್ರ ಅಂಟುವ ವಸ್ತು) ಅದನ್ನು ಹಿಡಿದುಕೊಳ್ಳುತ್ತೆ, ಬೆಳಕು ಕೊಡುವ ಗುರುತು ಹಚ್ಚಿದ ಇನ್ನೊಂದು ಆಂಟಿಬಾಡಿ ಬೇರೆ ಮಗ್ಗುಲಿನಿಂದ ಅಂಟಿಕೊಳ್ಳುತ್ತೆ, ಮೆಷಿನ್ ಆ ಬೆಳಕನ್ನು ಅಳೆದು ಸಂಖ್ಯೆ ಕೊಡುತ್ತೆ, ಅಷ್ಟೆ. ಆ ಪ್ರೋಟೀನ್ ಜಾಸ್ತಿಯಾಗಿದ್ದು ಕ್ಯಾನ್ಸರಿನಿಂದಲೋ, ವಯಸ್ಸಿಗೆ ದಪ್ಪಗಾದ ಗ್ರಂಥಿಯಿಂದಲೋ, ಮೂತ್ರದ ಸೋಂಕಿನಿಂದಲೋ ಅಂತ ಆಂಟಿಬಾಡಿಗೆ ಗೊತ್ತಾಗಲ್ಲ. ನಮ್ಮ ಮಾವನಿಗೆ 9 ಇತ್ತು, ಜೊತೆಗೆ ಉರಿಮೂತ್ರ. ಸೋಂಕಿಗೆ ಔಷಧಿ ಕೊಟ್ಟು ಎರಡು ತಿಂಗಳು ಬಿಟ್ಟು ನೋಡಿದಾಗ 3.2ಕ್ಕೆ ಇಳಿದಿತ್ತು. ಹಾಗಂತ ಸುಮ್ನೆ ಕೂರಬೇಡಿ, ಯೂರಾಲಜಿಸ್ಟ್‌ಗೆ ತೋರಿಸಿ. 4ರಿಂದ 10ರ ನಡುವೆ ಇದ್ದಾಗ ಫ್ರೀ ಪಿಎಸ್‌ಎ (ರಕ್ತದಲ್ಲಿ ಬೇರೆ ಪ್ರೋಟೀನಿಗೆ ಅಂಟದೆ ಬಿಡಿಯಾಗಿರುವ ಭಾಗ) ಕೂಡ ಉಪಯೋಗಕ್ಕೆ ಬರುತ್ತೆ: ಒಟ್ಟು ಪಿಎಸ್‌ಎಯಲ್ಲಿ ಅದು ಶೇ. 25ಕ್ಕಿಂತ ಜಾಸ್ತಿ ಇದ್ದರೆ ಕ್ಯಾನ್ಸರ್ ಸಾಧ್ಯತೆ ಕಡಿಮೆ, ಶೇ. 10ಕ್ಕಿಂತ ಕಡಿಮೆ ಇದ್ದರೆ ಅನುಮಾನ ಜಾಸ್ತಿ. ಕೂದಲಿಗೆ ಅಂತ ಬಯೋಟಿನ್ ಮಾತ್ರೆ ತಗೊಳ್ಳುತ್ತಿದ್ದರೆ ರಕ್ತ ಕೊಡುವ ಮೊದಲೇ ಹೇಳಿ. ಕೆಲವು ಮೆಷಿನ್‌ಗಳಲ್ಲಿ ಸಂಖ್ಯೆ ಸುಳ್ಳೇ ಕಡಿಮೆ ಬರುತ್ತೆ.

ಕೊಪ್ಪದಿಂದ: ದಪ್ಪಗಾದ ಪ್ರಾಸ್ಟೇಟ್ ಕುಗ್ಗಿಸಲು ಕೊಡುವ ಫಿನಾಸ್ಟರೈಡ್ ಮಾತ್ರೆ ತಿನ್ನುತ್ತಿದ್ದಾರಾ ನೋಡಿ. ಆರು ತಿಂಗಳು ತಿಂದ ಮೇಲೆ ಪಿಎಸ್‌ಎ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತೆ. ನಮ್ಮ ಡಾಕ್ಟರ್ ಬಂದ ಸಂಖ್ಯೆಯನ್ನು ಎರಡರಿಂದ ಗುಣಿಸಿಯೇ ನೋಡುವುದು.

ತೀರ್ಥಹಳ್ಳಿಯಿಂದ: ನಮ್ಮ ಅಪ್ಪಯ್ಯನ ಪಿಎಸ್‌ಎ ಇಳಿಯಲಿಲ್ಲ ಮಾರಾಯ್ರೆ. ಎಂಆರ್‌ಐ ಆಯ್ತು, ಬಯಾಪ್ಸಿ ಆಯ್ತು, ರಿಪೋರ್ಟಿನಲ್ಲಿ ಅನುಮಾನ ಅಂತಷ್ಟೇ ಬರೆದಿದ್ದರು. ಅಡಿಕೆ ಸುಗ್ಗಿ ಬೇರೆ. ಅಪ್ಪಯ್ಯ ಅಡಿಕೆ ಬೇಯಿಸುವ ಹಂಡೆ ಮುಂದೆ ಕೂತವರು ಯಾರ ಹತ್ತಿರವೂ ಮಾತಾಡುತ್ತಿರಲಿಲ್ಲ. ಬಯಾಪ್ಸಿಯಲ್ಲಿ ತೆಗೆದ ಅದೇ ತುಣುಕನ್ನು ಐಎಚ್‌ಸಿ ಅನ್ನುವ, ಬಣ್ಣ ಹಚ್ಚಿ ನೋಡುವ ಪರೀಕ್ಷೆಗೆ ಮಣಿಪಾಲಕ್ಕೆ ಒಯ್ದೆವು. ಅಲ್ಲೂ ಆಂಟಿಬಾಡಿಯೇ, ಆದರೆ ರಕ್ತಕ್ಕಲ್ಲ, ಸ್ಲೈಡಿಗೆ ಹಾಕುತ್ತಾರೆ. ಡಾಕ್ಟರ್ ಸ್ಕ್ರೀನಿನಲ್ಲಿ ತೋರಿಸಿದರು: ಒಳ್ಳೆಯ ಗ್ರಂಥಿಗಳ ಸುತ್ತ ಪಿ63 ಅನ್ನುವ ಗುರುತು ಹಿಡಿದ ಚುಕ್ಕಿಗಳು, ಥೇಟ್ ಅಡಿಕೆ ಚೊಗರಿನ ಕಂದು ಬಣ್ಣ, ಬೇಲಿ ಕಟ್ಟಿದ ಹಾಗೆ ಸಾಲಾಗಿದ್ದವು. ಒಂದು ಮೂಲೆಯ ಸಣ್ಣ ಗ್ರಂಥಿಗಳಿಗೆ ಆ ಬೇಲಿಯೇ ಇರಲಿಲ್ಲ, ಅಲ್ಲಿ ಎಎಂಎಸಿಆರ್ ಅನ್ನುವ ಇನ್ನೊಂದು ಗುರುತು ಕೆಂಪಗೆ ಕಾಣುತ್ತಿತ್ತು. ಕ್ಯಾನ್ಸರ್ ಅಂತ ಖಚಿತವಾಗಿದ್ದು ಹಾಗೆ. ನನ್ನ ಕಾಲು ನಡುಗಿತು. ಆದರೆ ಗ್ಲೀಸನ್ 6, ಅಂದರೆ ನಿಧಾನವಾಗಿ ಬೆಳೆಯುವ ಬಗೆ, ಆಪರೇಷನ್ ಈಗ ಬೇಡ ಅಂದರು. ಆರಾರು ತಿಂಗಳಿಗೆ ಪಿಎಸ್‌ಎ ನೋಡಿಸುತ್ತಾ ಇದ್ದೇವೆ, ಅಪ್ಪಯ್ಯ ದಿನಾ ತೋಟಕ್ಕೆ ಹೋಗುತ್ತಾರೆ. ಬಯಾಪ್ಸಿ ಆದರೆ ಆ ತುಣುಕು ಇಟ್ಟ ಮೇಣದ ಬ್ಲಾಕ್ ಕೇಳಿ ತಗೊಂಡು ಇಟ್ಟುಕೊಳ್ಳಿ, ಮತ್ತೆ ಚುಚ್ಚಿಸಿಕೊಳ್ಳುವ ಕಷ್ಟ ತಪ್ಪುತ್ತೆ.

ಕೇಳಿದವರು: ಅಪ್ಪಯ್ಯನಿಗೂ ಉರಿಮೂತ್ರ ಇದೆ. ಡಾಕ್ಟರ್ ಹತ್ತಿರ ಹೇಳಲು ನಾಚಿಕೊಂಡಿದ್ದರಂತೆ, ಈಗ ಅಮ್ಮ ಬಾಯಿ ಬಿಡಿಸಿದರು. ಸೋಮವಾರ ಬೆಳಗ್ಗೆ ಮೊದಲ ಬಸ್ಸಿಗೇ ಹೊರಡುತ್ತೇವೆ.