ಸ್ನಾರ್ಕೆಲಿಂಗ್‌ಗೆ ‘ಬೋರಲೀಸು’ ಅನ್ನಬಹುದೇ?

‘ಸ್ನಾರ್ಕೆಲಿಂಗ್’ಗೆ ಕನ್ನಡ ಪದ ಹುಡುಕುತ್ತಿರುವ ಬಳಗದ ಎಲ್ಲರಿಗೂ ಕಲಬುರಗಿಯಿಂದ ನಮಸ್ಕಾರ.

ಅಣ್ಣನ ಮಗಳು ಲಕ್ಷದ್ವೀಪಕ್ಕೆ ಹೋಗಿ ಬಂದು ಕಾಲೇಜಿನ ಸಂಚಿಕೆಗೆ ಪ್ರವಾಸದ ಬರಹ ಕೊಟ್ಟಿದ್ದಾಳೆ. ಅವಳು ‘ಸ್ನಾರ್ಕೆಲಿಂಗ್’ ಎಂದು ಬರೆದಿದ್ದಳು. ಕರಡು ತಿದ್ದಿದವರು ಅದನ್ನೆಲ್ಲ ‘ಜಲಾಂತರ ಈಜು’ ಮಾಡಿದ್ದಾರೆ. ಹುಡುಗಿಗೆ ಸಿಟ್ಟು ಬಂದಿದೆ. ಅವಳ ಸಿಟ್ಟು ನ್ಯಾಯವಾದದ್ದೇ, ಯಾಕೆಂದರೆ ಅವಳು ನೀರಿನೊಳಗೆ ಇಳಿದೇ ಇಲ್ಲ. ಬೆನ್ನು ನೀರಿನ ಮೇಲೆ, ಮುಖ ಮಾತ್ರ ನೀರಲ್ಲಿ, ಬಾಯಲ್ಲಿ ಕಚ್ಚಿದ ಕೊಳವೆಯ ತುದಿ ಮೇಲೆ ಗಾಳಿಯಲ್ಲಿ. ಸಿಲಿಂಡರ್ ಹೊತ್ತು ಆಳಕ್ಕೆ ಇಳಿಯುವ ಸ್ಕೂಬಾ ಬೇರೆ, ಇದು ಬೇರೆ. ಪತ್ರಿಕೆಗಳಲ್ಲೂ ಇವೆರಡನ್ನು ಒಂದೇ ಮಾಡಿ ಬರೆಯುವುದನ್ನು ನೋಡಿದ್ದೇನೆ.

ಮನೆಯಲ್ಲಿ ಇದೇ ಮಾತು ನಡೆದಾಗ ನಮ್ಮವ್ವ ಮೊಮ್ಮಗಳನ್ನು ಕೇಳಿದಳು: “ಮುಣಗಿ ಬಂದ್ಯೇನವಾ?”

“ಇಲ್ಲ ಆಯಿ, ತೇಲಿದೆ.”

“ತೇಲಿದ್ರ ತಳ ಹ್ಯಾಂಗ ಕಾಣ್ತು?”

ಹುಡುಗಿ ಚಾಪೆಯ ಮೇಲೆ ಹೊಟ್ಟೆಯಡಿಯಾಗಿ ಮಲಗಿ, ಕೈ ಅಗಲಿಸಿ, ತಲೆ ಬಗ್ಗಿಸಿ ತೋರಿಸಿದಳು. ಅವ್ವ ತಟ್ಟನೆ, “ಹಂಗಂದ್ರ ಬೋರಲ ಈಸಿದಿ ಅನ್ನು” ಅಂದಳು.

ಎಷ್ಟು ದಿನ ತಲೆ ಕೆಡಿಸಿಕೊಂಡರೂ ನನಗೆ ಹೊಳೆಯದ ಪದ ಅದು. ಇಲ್ಲಿ ಇಷ್ಟೂ ದಿನ ಬಂದ ಸೂಚನೆಗಳೆಲ್ಲ ಆಳವನ್ನು ಹಿಡಿದು ಹೊರಟಿದ್ದವು, ಅವ್ವ ಮೈ ಇದ್ದ ಬಗೆಯನ್ನು ಹಿಡಿದಳು. ಕೂಸು ಮೊದಲ ಸಲ ಹೊರಳಿದಾಗ ‘ಬೋರಲು ಬಿತ್ತು’ ಅನ್ನುತ್ತೇವಲ್ಲ, ಅದೇ ಬೋರಲು. ನಮ್ಮಲ್ಲಿ ‘ಡಬ್ಬ ಮಲಗು’ ಎಂದೂ ಇದೆ, ಮೈಸೂರು ಕಡೆಯವರು ‘ಮಕಾಡೆ’ ಅನ್ನುತ್ತಾರೆ. ಆದರೆ ‘ಮಕಾಡೆ’ಯಲ್ಲಿ ಬಿದ್ದು ಸೋತ ದನಿಯಿದೆ. ‘ಬೋರಲು’ ಪದಕ್ಕೆ ಆ ಕಳಂಕವಿಲ್ಲ. ‘ಈಸು’ ನಮಗೆ ದಿನಬಳಕೆಯ ಮಾತು. ಬೆನ್ನಿಗೆ ಎಣ್ಣೆ ಡಬ್ಬಿ ಕಟ್ಟಿಕೊಂಡು ಹೊಲದ ಬಾವಿಯಲ್ಲಿ ಈಸು ಕಲಿತವರು ನಾವು. ದಾಸರ ಪದದಲ್ಲೂ ಇರುವುದು ಈಸುವುದೇ. ತೆಂಕಣದವರು ಬೇಕಾದರೆ ‘ಬೋರಲೀಜು’ ಅನ್ನಲಿ.

ಇನ್ನು ಕೊಳವೆಯದು. ‘ಸ್ನಾರ್ಕೆಲ್’ ಜರ್ಮನ್ ಮೂಲದ್ದು. ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಜಲಾಂತರ್ಗಾಮಿಗಳು ನೀರಡಿಯಲ್ಲಿದ್ದುಕೊಂಡೇ ಎಂಜಿನ್ನಿಗೆ ಗಾಳಿ ಎಳೆದುಕೊಳ್ಳುತ್ತಿದ್ದ ಕೊಳವೆಗೆ ಆ ಹೆಸರಿತ್ತು. ಗೊರಕೆಗೆ ಜರ್ಮನ್ನರು ಹೇಳುವ ಮಾತಿಗೂ ಅದಕ್ಕೂ ನಂಟಿದೆ. ‘ಶ್ವಾಸನಾಳ’ ಎಂದರೆ ಪಾಠಪುಸ್ತಕದ ಗಂಟಲ ನಾಳವಾಗುತ್ತದೆ. ‘ಉಸಿರುಗೊಳವೆ’ಗೂ ಸ್ವಲ್ಪ ಅದೇ ತೊಡಕು. ಆದರೂ ಒಲೆ ಮುಂದಿನ ಊದುಗೊಳವೆ ಕಂಡವರಿಗೆ ಉಸಿರುಗೊಳವೆ ಕೂಡಲೇ ತಿಳಿಯುತ್ತದೆ, ಹಾಗಾಗಿ ನನ್ನ ಒಲವು ಅದಕ್ಕೇ. ಈ ಕೊಳವೆ ಎರಡು ಗೇಣಿಗಿಂತ ತುಸು ಚಿಕ್ಕದು, 35–40 ಸೆಂಟಿಮೀಟರ್. ಉದ್ದ ಮಾಡಿದರೆ ಆಳಕ್ಕೂ ಹೋಗಬಹುದಲ್ಲ ಎಂದು ಅಣ್ಣ ಕೇಳಿದ. ಆಗದು. ಒಂದು ಮೀಟರ್ ಕೆಳಗೆ ಹೋದರೂ ನೀರು ಎದೆಯನ್ನು ಅದುಮುತ್ತದೆ, ಮೇಲಿನ ಗಾಳಿ ಎಳೆದುಕೊಳ್ಳುವುದು ಕಷ್ಟವಾಗುತ್ತದೆ. ಬಿಟ್ಟ ಉಸಿರೂ ಕೊಳವೆಯಲ್ಲೇ ಉಳಿದು ಮತ್ತೆ ಒಳಗೆ ಬರುತ್ತದೆ. ಅಂದರೆ ಈ ಆಟ ನೀರಿನ ಮೇಲ್ಮೈಗೇ ಕಟ್ಟುಬಿದ್ದದ್ದು. ‘ಜಲಾಂತರ’ ಬೇಡ ಎನ್ನಲು ಇದಕ್ಕಿಂತ ಗಟ್ಟಿ ಕಾರಣ ನನಗೆ ಕಾಣದು.

ಹವಳದ ಮಾತೂ ಬಂತು. ಕಂದು ಬಣ್ಣದ ಹವಳದ ಫೋಟೊ ನೋಡಿ ಅವ್ವ, “ಇದೆಂಥಾ ಹವಳ? ಕೆಂಪೇ ಇಲ್ಲ” ಅಂದಳು. ಸರಾಫನ ಅಂಗಡಿಯ ಕೆಂಪು ಹವಳ ಬೇರೆ ಜಾತಿಯದು. ದ್ವೀಪ ಕಟ್ಟುವ ಹವಳಕ್ಕೆ ಕಂದು ಬರುವುದು ಅದರ ಮೈಯೊಳಗೆ ಬಾಳುವ ಪಾಚಿಯಿಂದ. ಇವೆರಡಕ್ಕೂ ಕನ್ನಡದಲ್ಲಿ ಒಂದೇ ಪದ ಸಾಕೇ ಎಂಬುದನ್ನು ಇನ್ನೊಮ್ಮೆ ಕೇಳುತ್ತೇನೆ.

‘ಬೋರಲೀಸು’ವಿಗೆ ಒಂದು ಆಕ್ಷೇಪ ನನಗೇ ಹೊಳೆದಿದೆ. ಸಾಮಾನ್ಯ ಈಜಿನಲ್ಲೂ ಮೈ ಬೋರಲಾಗಿಯೇ ಇರುತ್ತದಲ್ಲ? ಅಲ್ಲಿ ಕೈ ಬೀಸಿ ಮುಂದೆ ಸಾಗಬೇಕು. ಇಲ್ಲಿ ಕಾಲು ಮೆಲ್ಲಗೆ ಆಡಿಸುತ್ತ ನೋಡುವುದೇ ಕೆಲಸ. ಆ ಲೆಕ್ಕದಲ್ಲಿ ‘ಬೋರಲುತೇಲು’ ಇನ್ನೂ ಸರಿಯೇನೋ. ಆದರೆ ಕ್ರಿಯಾಪದವಾಗಿ ‘ನಾಳೆ ಬೋರಲೀಸೋಣ’ ಎಂಬುದು ನಾಲಿಗೆಗೆ ಹಗುರ.

ಕರಾವಳಿಯ ಗೆಳೆಯರಲ್ಲಿ ಒಂದು ಕೋರಿಕೆ. ಬಂಡೆಗೆ ಅಂಟಿದ ಪಚ್ಚಿಲೆ ಎಂಬ ಚಿಪ್ಪುಜೀವಿಯನ್ನು ಕೀಳುವವರು ನೀರಿಗಿಳಿಯುವ ಮೊದಲು ಮುಖವಷ್ಟೇ ಅದ್ದಿ ತಳ ನೋಡುವುದಕ್ಕೆ ಏನಾದರೂ ಹೆಸರಿಟ್ಟಿದ್ದಾರೆಯೇ? ನೇತ್ರಾಣಿ ದ್ವೀಪಕ್ಕೆ ದೋಣಿ ಬಿಡುವ ಮುರ್ಡೇಶ್ವರದವರ ಬಾಯಲ್ಲಿ ಯಾವ ಮಾತಿದೆ? ಅಂಥದೊಂದು ಆಗಲೇ ಬಳಕೆಯಲ್ಲಿದ್ದರೆ ನಮ್ಮವ್ವನ ಪದವನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಕರಡು ಇನ್ನೂ ನಮ್ಮ ಮನೆಯಲ್ಲೇ ಇದೆ.