ಉಸಿರು ನಿಂತು ನಿಂತು ಬರುತ್ತಿದ್ದ ಮಗು: ಮೆದುಳಿಗೆ ಏನಾದರೂ ಆಗಿರುತ್ತಾ?

29 ವಾರದ ಮಗುವಿನ ಅಮ್ಮ:
ಮಗಳು 29 ವಾರಕ್ಕೇ ಹುಟ್ಟಿದಳು, 1,150 ಗ್ರಾಂ. ಏಳು ವಾರ ಎನ್‌ಐಸಿಯುನಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಇದ್ದೆವು. ಇದ್ದಕ್ಕಿದ್ದಂತೆ ಉಸಿರು ನಿಲ್ಲುತ್ತಿತ್ತು. ಸ್ಯಾಚುರೇಶನ್, ಅಂದರೆ ರಕ್ತದ ಆಮ್ಲಜನಕದ ಮಟ್ಟ, ಶೇಕಡಾ 70ಕ್ಕೆ ಇಳಿಯುತ್ತಿತ್ತು. ಸಿಸ್ಟರ್ ಓಡಿ ಬಂದು ಅಂಗಾಲು ಉಜ್ಜಿದರೆ ಮತ್ತೆ ಏರುತ್ತಿತ್ತು. ಎಷ್ಟು ಸಲ ಅಂತ ದಿನಾ ನೋಟ್‌ಬುಕ್‌ನಲ್ಲಿ ಬರೆದಿದ್ದೇನೆ. ಒಂದು ದಿನ 14 ಸಲ. ಈಗ ಅವಳಿಗೆ ಎಂಟು ತಿಂಗಳು, ಇನ್ನೂ ಕೂರುತ್ತಿಲ್ಲ. ಆ ಇಳಿತಗಳಿಂದಲೇ ಹೀಗಾಯಿತಾ? ರಾತ್ರಿ ನಿದ್ದೆ ಬರುತ್ತಿಲ್ಲ.

ಎನ್‌ಐಸಿಯು ನರ್ಸ್, 16 ವರ್ಷದ ಅನುಭವ:
ಅಮ್ಮಾ, ಮೊದಲು ವಯಸ್ಸಿನ ಲೆಕ್ಕ ಸರಿ ಮಾಡೋಣ. ಅವಳು 11 ವಾರ ಬೇಗ ಬಂದವಳು. ಎಂಟರಲ್ಲಿ ಎರಡೂವರೆ ಕಳೆಯಿರಿ. ಐದೂವರೆ ತಿಂಗಳಿಗೆ ಎಷ್ಟೋ ಮಕ್ಕಳು ಕೂರುವುದಿಲ್ಲ, ಅಲ್ವಾ?

ನಿಮ್ಮ ಭಯ ಸುಮ್ನೆ ಹುಟ್ಟಿದ್ದಲ್ಲ. ಆ ವಾರಗಳಲ್ಲಿ ನರಗಳಿಗೆ ಮೈಲಿನ್ ಹೊದಿಕೆ ಹಾಕಬೇಕಾದ ಜೀವಕೋಶಗಳು ತುಂಬಾ ಎಳೆಯವು. ಆಮ್ಲಜನಕ ಇಳಿದಾಗ ಅವಕ್ಕೆ ಪೆಟ್ಟು ಬೀಳಬಹುದು, ಸರ್ರನೆ ಏರಿದಾಗಲೂ ಬೀಳಬಹುದು. ಆದರೆ ಇಳಿತ ಎಷ್ಟು ಹೊತ್ತು ಇತ್ತು ಅನ್ನುವುದನ್ನು ನೋಡಬೇಕು. 28 ವಾರದೊಳಗೆ ಹುಟ್ಟಿದ ಮಕ್ಕಳ ಬಗ್ಗೆ 2015ರಲ್ಲಿ ಒಂದು ದೊಡ್ಡ ಅಧ್ಯಯನ ಬಂತು. 80ಕ್ಕಿಂತ ಕೆಳಗಿಳಿದು ಒಂದು ನಿಮಿಷವಾದರೂ ಅಲ್ಲೇ ನಿಂತ ಇಳಿತಗಳು ಜಾಸ್ತಿ ಇದ್ದ ಮಕ್ಕಳಲ್ಲಿ ಮುಂದೆ ತೊಂದರೆಯೂ ಜಾಸ್ತಿ ಕಂಡಿತು. ಒಂದು ನಿಮಿಷಕ್ಕಿಂತ ಕಡಿಮೆ ಹೊತ್ತಿನ ಇಳಿತಗಳಲ್ಲಿ ಆ ನಂಟು ಕಾಣಲಿಲ್ಲ. ನೀವು ಹೊತ್ತು ಬರೆದಿದ್ದೀರಾ? ಉಸಿರು ನಿಲ್ಲದಂತೆ ಕೊಡುವ ಔಷಧಿ ಕೆಫೀನ್ ಕೊಟ್ಟಿದ್ದರಾ?

29 ವಾರದ ಮಗುವಿನ ಅಮ್ಮ:
ಎರಡನೇ ದಿನದಿಂದಲೇ ಕೆಫೀನ್ ಇತ್ತು ಸಿಸ್ಟರ್. ಹೊತ್ತು ಬರೆದಿಲ್ಲ. ಕೆಲವು ಕಡೆ ಮಾತ್ರ "ಮುಟ್ಟುವ ಮೊದಲೇ ಏರಿತು" ಅಂತ ಇದೆ.

27 ವಾರದ ಮಗನ ಅಪ್ಪ:
ಕೆಫೀನ್ ಬಗ್ಗೆ ನಾನೂ ಹುಡುಕಿ ಓದಿದ್ದೆ. 1,250 ಗ್ರಾಂ ಒಳಗಿನ 2,006 ಮಕ್ಕಳ ಮೇಲೆ ಪರೀಕ್ಷೆ ನಡೆದಿದೆ. ಕೆಫೀನ್ ಪಡೆದವರಲ್ಲಿ ಸೆರೆಬ್ರಲ್ ಪಾಲ್ಸಿ (ಮೆದುಳಿಗೆ ಪೆಟ್ಟಾಗಿ ಕೈಕಾಲಿನ ಚಲನೆಗೆ ಬರುವ ತೊಂದರೆ) ಕಡಿಮೆ. 11 ವರ್ಷಕ್ಕೆ ನೋಡಿದಾಗಲೂ ಕೈಕಾಲಿನ ಚಲನೆ ಚೆನ್ನಾಗಿತ್ತು. ನನ್ನ ಮಗನಿಗೂ ಕೊಟ್ಟಿದ್ದರು. ಆದರೂ ಕಾಲು ಸ್ವಲ್ಪ ಬಿಗಿ ಇತ್ತು. "ದೊಡ್ಡವನಾದರೆ ಸರಿಹೋಗುತ್ತೆ" ಅಂದವರ ಮಾತು ಕೇಳಿ ಮೂರು ತಿಂಗಳು ಕಳೆದೆವು. ಅದು ಈಗಲೂ ಚುಚ್ಚುತ್ತದೆ. ಫಿಸಿಯೋಥೆರಪಿ ಶುರುವಾದ ಮೇಲೆ ಎರಡು ವರ್ಷಕ್ಕೆ ನಡೆದ.

ಎನ್‌ಐಸಿಯು ನರ್ಸ್, 16 ವರ್ಷದ ಅನುಭವ:
ಅಪ್ಪ ಹೇಳಿದ್ದು ಸರಿ. ಕತ್ತು ನಿಲ್ಲದಿದ್ದರೆ, ಮುಷ್ಟಿ ಯಾವಾಗಲೂ ಬಿಗಿ ಇದ್ದರೆ, ಒಂದೇ ಕೈ ಬಳಸುತ್ತಿದ್ದರೆ ಈ ವಾರವೇ ತೋರಿಸಿ. ನೋಟ್‌ಬುಕ್ ತೆಗೆದುಕೊಂಡು ಹೋಗಿ.

29 ವಾರದ ಮಗುವಿನ ಅಮ್ಮ:
ಕತ್ತು ನಿಂತಿದೆ. ಎರಡೂ ಕೈಯಲ್ಲಿ ನನ್ನ ಕನ್ನಡಕ ಕೀಳುತ್ತಾಳೆ. ಗುರುವಾರಕ್ಕೆ ಅಪಾಯಿಂಟ್‌ಮೆಂಟ್ ತೆಗೆದುಕೊಂಡೆ.